ತಮ್ಮನ ಪೋಸ್ಟರ್

"ಮೇಲಿನ ಸಾಲು ಬೇಡ, ಅದನ್ನ ಯಾರು ಬೇಕಾದ್ರೂ ಓದ್ತಾರೆ. ಕೆಳಗಿಂದು ಓದಿ," ಎಂದ ಅವನು. ಕತ್ತಲ ಕೋಣೆಯ ಎತ್ತರದ ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಕತ್ತು ಮುಂದಕ್ಕೆ ಚಾಚಿ, ಕಾಣದ ಅಕ್ಷರವನ್ನು ಕಂಡವನಂತೆ ಗಟ್ಟಿಯಾಗಿ ಹೇಳಿ, ತಪ್ಪಾಯಿತೇನೋ ಎಂದು ತಾನೇ ಅನುಮಾನಪಟ್ಟು ಇನ್ನೊಂದು ಹೇಳಿದ. ಕನ್ನಡಕದ ಅಂಗಡಿಯ ಈ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಜನರ ಕಣ್ಣು ಅಳೆದು ಅವನಿಗೆ ಒಂದಂತೂ ಗೊತ್ತಾಗಿತ್ತು: ಎದುರಿಗಿರುವುದು ಬರೀ ಒಂದು ಚಾರ್ಟಾದರೂ ಸರಿ, ಕಾಣುವುದಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ಅವನು ಮಸೂರ ಬದಲಾಯಿಸಿದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ನಿಂತಿತು. ಮತ್ತೆ ನಡುಗಿತು. "ನಿಮ್ಮದು," ಎಂದ ಗಿರಾಕಿ. "ಇರಲಿ ಬಿಡಿ," ಎಂದು ಅವನು ಇನ್ನೊಂದು ಮಸೂರ ತೂರಿಸಿದ. ಯಾತಕ್ಕೆ ಎಂದು ನೋಡಬೇಕಾಗಿಯೇ ಇರಲಿಲ್ಲ. ಇವತ್ತು ಸಂಜೆ ತಮ್ಮನ ಪುಸ್ತಕ ಬಿಡುಗಡೆ. ವಾರದಿಂದ ನೆಂಟರು, ಪರಿಚಯದವರು, ಕೊನೆಗೆ ಪೇಪರ್ ಹಾಕುವವನು ಕೂಡ ಅವನನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದರು, ನಿಮ್ಮ ತಮ್ಮ ಪುಸ್ತಕ ಬರೆದಿದ್ದಾರಂತಲ್ಲ ಎಂದು. ಅಣ್ಣನಾದ ಅವನೇ ನಾಲ್ಕು ಪುಸ್ತಕ ಬರೆದಿದ್ದ. ಪೇಪರಿನವನು ಒಂದು ದಿನವೂ ಕೇಳಿರಲಿಲ್ಲ.

ತಮ್ಮ ಲಿಫ್ಟ್ ಮೆಕ್ಯಾನಿಕ್. ಎತ್ತರದ ಕಟ್ಟಡಗಳಲ್ಲಿ ಎರಡು ಮಹಡಿಗಳ ನಡುವೆ ಕೆಟ್ಟು ನಿಂತ ಲಿಫ್ಟುಗಳಿಂದ ಜನರನ್ನು ಹೊರಗೆ ತೆಗೆಯುವುದು ಅವನ ಕೆಲಸ. ಶಾಲೆಯಲ್ಲಿ ಪ್ರಬಂಧ ಬರೆಯಲು ಕೂರಿಸಿದರೆ ಪೆನ್ಸಿಲ್ಲಿನ ಹಿಂಭಾಗ ಕಚ್ಚಿ ಕಚ್ಚಿ ನಾರು ಮಾಡುತ್ತಿದ್ದವನು, ರಜೆ ಚೀಟಿಯನ್ನೂ ಅಣ್ಣನ ಕೈಲೇ ಬರೆಸುತ್ತಿದ್ದವನು, ನಲವತ್ತಾರನೆಯ ವಯಸ್ಸಿನಲ್ಲಿ ಹಾಗೆ ಸಿಕ್ಕಿಹಾಕಿಕೊಂಡವರ ಬಗ್ಗೆ ಒಂದು ಪುಸ್ತಕ ಬರೆದು ಮುಗಿಸಿಬಿಟ್ಟಿದ್ದ. ಇದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಏನಿದೆ? ಏನೂ ಇಲ್ಲ. ಅಣ್ಣನಾದವನು ಇದನ್ನು ತನಗೆ ತಾನೇ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ, ಹಲ್ಲು ನೋವಿಗೆ ಮಾತ್ರೆ ನುಂಗುವವರ ಹಾಗೆ.

ಗಿರಾಕಿ ಹೋದ ಮೇಲೆ ಲೈಟು ಹಾಕಿ ಫೋನು ತೆಗೆದ. ಇಪ್ಪತ್ತಮೂರು ಸಂದೇಶ. ಮೊದಲನೆಯದು ಪ್ರಕಾಶಕಿಯದು. ಅಣ್ಣತಮ್ಮಂದಿರಿಬ್ಬರಿಗೂ ಅವಳೇ ಪ್ರಕಾಶಕಿ. ಅವನ ನಾಲ್ಕನೆಯ ಪುಸ್ತಕ ಬಂದು ವರ್ಷ ಕಳೆದ ಮೇಲೆ ಅವಳಿಂದ ಸಂದೇಶವೆಂದರೆ ಬರೀ ತಮ್ಮನ ವಿಷಯಕ್ಕೆ. "ಒಡಹುಟ್ಟಿದವನು ಅಂದ್ರೆ ಇಂಥವನಿರಬೇಕು ಸರ್! ತನ್ನ ಪುಸ್ತಕ ಬಿಡುಗಡೆ ದಿನ ನಿಮ್ಮ ಪುಸ್ತಕದ ಪೋಸ್ಟರ್ ಹಾಕಿದ್ದಾರೆ! ಬೆಳಿಗ್ಗೆಯಿಂದ ನಿಮ್ಮ ಪುಸ್ತಕ ಕೇಳಿಕೊಂಡು ಫೋನ್ ಮೇಲೆ ಫೋನ್." ಅವನಿಗೆ ಅರ್ಥವಾಗಲಿಲ್ಲ. ತಮ್ಮನ ಪುಟ ತೆರೆದ. ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಹೋಗಿದ್ದ ಪೋಸ್ಟರ್. ಕಡುಗಪ್ಪು ಹಿನ್ನೆಲೆ, ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ತೆಳು ಬೆಳಕಿನ ಗೆರೆ, ಒಂದಿಷ್ಟೇ ತೆರೆದ ಬಾಗಿಲಿನಿಂದ ಬಂದಂತೆ. ಗೆರೆಯ ಎಡಕ್ಕೆ ಎರಡು ಸಾಲು ಬರಹ. ಅದರ ಕೆಳಗೆ, ತಮ್ಮನದಲ್ಲ, ಅವನ ಪುಸ್ತಕದ ಹೆಸರು. ಅದರ ಕೆಳಗೆ, ಬೇಕಾದ್ದಕ್ಕಿಂತ ಮೂರು ಪಟ್ಟು ದಪ್ಪಕ್ಕೆ, ಅವನ ಹೆಸರು. ಅವನು ಗಿರಾಕಿಯ ಎತ್ತರದ ಕುರ್ಚಿಯಲ್ಲಿ ಕೂತುಬಿಟ್ಟ. ಇದು ತಮ್ಮ ಮಾಡಿದ್ದಲ್ಲ. ತಮ್ಮನಿಗೆ ಪೋಸ್ಟರ್ ಮಾಡಿಕೊಡುತ್ತಿದ್ದ ತನ್ನ ಹೆಂಡತಿ ಮಾಡಿದ್ದೂ ಅಲ್ಲ. ನಿನ್ನೆ ಮಧ್ಯಾಹ್ನ ಅವನೇ ಮಾಡಿದ್ದು.

ನಿನ್ನೆ ಅಂಗಡಿಗೆ ವಾರದ ರಜೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅವಳದು ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಕೆಲಸ, ಔಷಧಿ ಬಾಟಲಿಯ ಲೇಬಲ್ಲಿನಿಂದ ಹಿಡಿದು ಶಾಲೆಯ ಗುರುತಿನ ಚೀಟಿವರೆಗೆ ಎಲ್ಲ. ಊಟದ ಮೇಜಿನ ಮೇಲೆ ಅವಳ ಕಂಪ್ಯೂಟರ್ ತೆರೆದೇ ಇತ್ತು. ಅವನು ತನ್ನದೇ ಒಂದು ಪೋಸ್ಟರ್ ತಿದ್ದಬೇಕೆಂದು ಕೂತಿದ್ದ. ಈಗಿನ ಲೇಖಕರು ಪುಸ್ತಕ ಬರೆದು ಕೈ ತೊಳೆದುಕೊಂಡರೆ ಆಗುವುದಿಲ್ಲ, ಅದನ್ನು ತಾವೇ ಹೊತ್ತುಕೊಂಡು ಬೀದಿ ಸುತ್ತಬೇಕು, ಬೀದಿಯೆಂದರೆ ಫೋನು. ಈ ವಿದ್ಯೆಯನ್ನು ಹೆಂಡತಿ ಅವನಿಗೆ ವರ್ಷದ ಹಿಂದೆ ಅಕ್ಷರಾಭ್ಯಾಸ ಮಾಡಿಸಿದ ಹಾಗೆ ಕಲಿಸಿದ್ದಳು. ಇಲ್ಲಿ ಸಿದ್ಧ ಮಾದರಿಗಳಿವೆ, ಚಿತ್ರ ಎಳೆದು ಬಿಟ್ಟರೆ ಸಾಕು. ಇದು ಚೌಕ, ಪುಟಕ್ಕೆ. ಇದು ಉದ್ದ, ಫೋನಿನಲ್ಲಿ ನಿಂತು ನೋಡುವವರಿಗೆ. ಎರಡಕ್ಕಿಂತ ಹೆಚ್ಚು ಬಣ್ಣ ಬೇಡ. ಇಡೀ ಕಥೆ ಹೇಳಬೇಡಿ, ಒಂದು ಸಾಲು ಸಾಕು. ಮತ್ತೆ ಖಾಲಿ ಜಾಗ ಬಿಡಿ ಮಾರಾಯರೆ, ಖಾಲಿ ಜಾಗ ಬಿಡಿ, ಓದುವವರು ಎಲ್ಲಿ ನಿಲ್ಲಬೇಕು? ಅವನಿಗೆ ಖಾಲಿ ಜಾಗ ಕಂಡರಾಗದು. ಒಂದು ಕಡೆ ತನ್ನ ಫೋಟೋ, ಇನ್ನೊಂದು ಕಡೆ ವಿಮರ್ಶಕರ ಹೊಗಳಿಕೆ, ಮೇಲೆ ಬಂದ ಬಹುಮಾನ, ಕೆಳಗೆ ಬರಬಹುದಾಗಿದ್ದ ಬಹುಮಾನ. ಹೆಸರು ಮಾತ್ರ ಚಾರ್ಟಿನ ಮೊದಲ ಅಕ್ಷರದಷ್ಟು ದಪ್ಪ ಇರಬೇಕು, ಕನ್ನಡಕ ಮನೆಯಲ್ಲಿ ಮರೆತು ಬಂದವರಿಗೂ ಕಾಣುವಂತೆ. ಕೊನೆಗೆ ಅವನ ಪುಸ್ತಕಕ್ಕೆ ಆದದ್ದು ಒಂದು ಸಿದ್ಧ ಮಾದರಿ: ಚಹದ ಕಪ್ಪು, ಒಣಗಿದ ಎಲೆ, ಹಿಂದೆ ಮಸುಕು ದೀಪ. ಅದೇ ಕಪ್ಪು, ಅದೇ ಎಲೆ ಇಟ್ಟುಕೊಂಡು ಒಂದು ತೂಕ ಇಳಿಸುವ ಪುಡಿಯ ಜಾಹೀರಾತೂ ಬಂದಿತ್ತು.

ಅವಳ ಕಂಪ್ಯೂಟರಿನಲ್ಲಿ 'ಮೈದುನ' ಎಂಬ ಕಡತ ಕಣ್ಣಿಗೆ ಬಿತ್ತು. ತೆರೆಯಬಾರದು ಎನ್ನಲು ಅದಕ್ಕೆ ಬೀಗವೇನೂ ಇರಲಿಲ್ಲ. ತೆರೆದ. ಆ ಕಡುಗಪ್ಪು ಹಿನ್ನೆಲೆ, ಆ ಬೆಳಕಿನ ಗೆರೆ. ಅದರ ಪಕ್ಕ ತಮ್ಮನ ಪುಸ್ತಕದ ಒಂದು ಸಾಲು: 'ಸಿಕ್ಕಿಹಾಕಿಕೊಂಡವರು ಮೊದಲು ಬಾಗಿಲು ಬಡಿಯುತ್ತಾರೆ. ಆಮೇಲೆ ಒಬ್ಬರ ಹೆಸರು ಇನ್ನೊಬ್ಬರು ಕೇಳುತ್ತಾರೆ.' ಕೆಳಗೆ ಪುಸ್ತಕದ ಹೆಸರು, ತಮ್ಮನ ಹೆಸರು, ಚಿಕ್ಕದಾಗಿ. ಉಳಿದದ್ದೆಲ್ಲ ಖಾಲಿ. ಅವನ ಎದೆಯೊಳಗೆ ಏನೋ ಬಿಸಿ ಏರಿತು. ಪೋಸ್ಟರ್ ಚೆನ್ನಾಗಿದೆ ಎಂದಲ್ಲ. ಈ ಸಾಲು ಪುಸ್ತಕದ ಬೆನ್ನ ಮೇಲಿಲ್ಲ, ಮುನ್ನುಡಿಯಲ್ಲಿಲ್ಲ, ನೂರ ಮೂವತ್ತನೆಯ ಪುಟದ ಹತ್ತಿರ ಎಲ್ಲೋ ಇದೆ. ಅಂದರೆ ಇವಳು ಓದಿದ್ದಾಳೆ. ಓದಿ, ನಿಲ್ಲಿಸಿ, ಗುರುತು ಮಾಡಿಕೊಂಡು, ಮತ್ತೆ ಓದಿದ್ದಾಳೆ. ಇಪ್ಪತ್ತು ವರ್ಷ ಜೊತೆಗೆ ಮಲಗಿದ ಹೆಂಗಸು ತನಗೆ ಚಹದ ಕಪ್ಪು ಕೊಟ್ಟು ಮೈದುನನಿಗೆ ಈ ಬೆಳಕು ಕೊಟ್ಟಳೇ? ಹೆಂಡತಿ ಬೇರೆಯವನ ಜೊತೆ ನಗುತ್ತ ನಿಂತದ್ದನ್ನು ಕಂಡರೆ ಹೇಗೆ ಉರಿಯುತ್ತದೋ ಹಾಗೆ ಉರಿಯಿತು, ಅದಕ್ಕಿಂತ ಹೆಚ್ಚೇ ಉರಿಯಿತು, ಯಾಕೆಂದರೆ ನಗುವಿಗೆ ಏನಾದರೂ ಸಮಜಾಯಿಷಿ ಇರುತ್ತದೆ.

ಆ ಸಾಲು ಅವನಿಗೆ ಹೊಸದಲ್ಲ. ಎರಡು ವರ್ಷದ ಹಿಂದೆ ತಮ್ಮ ಬಂದು, ಲಿಫ್ಟಿನ ಬಿಡಿಭಾಗ ಬರುವ ರಟ್ಟಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು, "ಅಣ್ಣ, ಸುಮ್ನೆ ಏನೋ ಗೀಚಿದೀನಿ, ನೋಡ್ತೀಯಾ?" ಎಂದಿದ್ದ. ಗ್ರೀಸಿನ ವಾಸನೆಯ ಹಾಳೆಗಳು, ಇರುವೆ ನಡೆದಂಥ ಅಕ್ಷರ. ಅವನು ಅವತ್ತೇ, ಕೂತಲ್ಲೇ, ಮೊದಲಿನಿಂದ ಕೊನೆಯವರೆಗೆ ಓದಿದ್ದ. ಓದುತ್ತ ಓದುತ್ತ ಕೈಯಲ್ಲಿದ್ದ ಕೆಂಪು ಪೆನ್ನು ಮರೆತುಹೋಗಿತ್ತು. ಈ ಸಾಲಿಗೆ ಬಂದಾಗ ನೆನಪಾಯಿತು. ಸಾಲನ್ನು ಒಂದು ಗೆರೆಯಲ್ಲಿ ಹೊಡೆದು ಅಂಚಿನಲ್ಲಿ 'ಅನಗತ್ಯ' ಎಂದು ಬರೆದ. ಆಮೇಲೆ ಡಬ್ಬಿಯನ್ನು ಕಪಾಟಿನ ಮೇಲೆ ಎಂಟು ತಿಂಗಳು ಇಟ್ಟ. ತಮ್ಮ ಬಂದಾಗಲೆಲ್ಲ ಅದರ ಕಡೆ ಒಂದು ಸಲ ಕಣ್ಣು ಹಾಯಿಸಿ, ಏನೂ ಕೇಳದೆ ಹೋಗುತ್ತಿದ್ದ. ಎಂಟು ತಿಂಗಳ ಮೇಲೆ ಅವನು ಹೇಳಿದ್ದು ಇಷ್ಟೇ: "ಅನುಭವ ಇದೆ. ಆದ್ರೆ ಇದು ಸಾಹಿತ್ಯ ಅಲ್ಲಪ್ಪ, ಡೈರಿ." ತಮ್ಮ ತಲೆಯಾಡಿಸಿ ಡಬ್ಬಿ ಎತ್ತಿಕೊಂಡು ಹೋದ. ಕೆಂಪು ಗೆರೆ ನೋಡಿರಬೇಕು. ನೋಡಿಯೂ ಆ ಸಾಲನ್ನು ಬಿಟ್ಟಿರಲಿಲ್ಲ. ಅಣ್ಣನ ಮಾತನ್ನು ಜೀವಮಾನದಲ್ಲಿ ಅವನು ಮೀರಿದ್ದು ಅದೊಂದೇ ಸಲ.

ಸುಮ್ಮನೆ ಹೇಗೆ ಕಾಣುತ್ತದೋ ನೋಡೋಣ ಎಂದಷ್ಟೇ ನಿನ್ನೆ ಅವನಿಗೆ ಅನ್ನಿಸಿತ್ತು. ಆ ಕಡುಗಪ್ಪಿನ ಮೇಲೆ, ಆ ಬೆಳಕಿನ ಪಕ್ಕ ತನ್ನ ಹೆಸರು. ನೋಡಿ ಅಳಿಸಿದರಾಯಿತು. ನಕಲು ಮಾಡು ಎಂಬಲ್ಲಿ ಒತ್ತಿದ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆಯಿತು, ಅದರಲ್ಲೂ ಅದೇ ಪೋಸ್ಟರ್. ಅಕ್ಷರದ ಅಳತೆ ಎಷ್ಟಿದೆ ನೋಡಲು ಮೊದಲ ಕಿಟಕಿಗೆ ಒಮ್ಮೆ ಹಿಂದೆ ಹೋದ. ಆಮೇಲೆ ಯಾವುದರಲ್ಲಿ ಕೆಲಸ ಮಾಡಿದ? ಎರಡೂ ಒಂದೇ ಥರ ಇದ್ದವು. ತಮ್ಮನ ಹೆಸರಿನ ಮೇಲೆ ಒತ್ತಿದಾಗ ಅದು ನೀಲಿಯಾಯಿತು. ಅಳಿಸಿದಾಗ ಅಲ್ಲಿ ಒಂದು ಗೆರೆ ಮಾತ್ರ ಮಿಣುಕುತ್ತ ಕಾಯುತ್ತಿತ್ತು. ಅವನು ತನ್ನ ಹೆಸರು ಟೈಪ್ ಮಾಡಿದ. ದಪ್ಪ ಮಾಡಿದ. ಪುಸ್ತಕದ ಹೆಸರು ಬದಲಾಯಿಸಿದ. ಸಾಲನ್ನೂ ಬದಲಾಯಿಸಬೇಕೆಂದು ತನ್ನ ಪುಸ್ತಕ ತೆಗೆದು ಪುಟ ತಿರುವಿದ, ತಿರುವಿದ. ಆ ಜಾಗಕ್ಕೆ ಹಿಡಿಸುವಂಥ ಸಾಲೊಂದು ಸಿಗಲಿಲ್ಲ. ಎಲ್ಲ ಉದ್ದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಯಾರದೋ ಸಪ್ಪಳ ಕೇಳಿ, ಪಕ್ಕದ ಮನೆಯವರದಾದರೂ ಕಳ್ಳನ ಹಾಗೆ ಬೆಚ್ಚಿ, ಎಲ್ಲ ಕಿಟಕಿ ಮುಚ್ಚಿ ಎದ್ದ. ಮುಚ್ಚುವಾಗ ಮೇಲ್ಗಡೆ ಚಿಕ್ಕ ಅಕ್ಷರದಲ್ಲಿ 'ಎಲ್ಲ ಬದಲಾವಣೆ ಉಳಿಸಲಾಗಿದೆ' ಎಂದಿದ್ದದ್ದು ಕಂಡಿತ್ತೆ? ಕಂಡಿತ್ತು. ಅದು ನಕಲಿನ ಮೇಲಿತ್ತೋ ಮೂಲದ ಮೇಲಿತ್ತೋ? ನಕಲಿನ ಮೇಲೆ ಎಂದುಕೊಂಡಿದ್ದ. ಎಂದುಕೊಂಡಿದ್ದನೋ, ಎಂದುಕೊಳ್ಳಬೇಕೆಂದು ಎಂದುಕೊಂಡಿದ್ದನೋ. ಬೆಳಿಗ್ಗೆ ಒಂಬತ್ತಕ್ಕೆ ತಮ್ಮನ ಪುಟಕ್ಕೆ ತಾನಾಗಿ ಹೋಗಲಿ ಎಂದು ಹೆಂಡತಿ ಆ ಪೋಸ್ಟರಿಗೆ ಮೊದಲೇ ಸಮಯ ಗೊತ್ತು ಮಾಡಿಟ್ಟಿದ್ದಾಳೆಂಬುದು ಮಾತ್ರ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ತನಗೆ ಗೊತ್ತಿರದ ಸಂಗತಿ ಇದೊಂದಾದರೂ ಇದೆಯಲ್ಲ ಎಂದು ಅವನಿಗೆ ಹಾಯೆನಿಸಿತು.

ಪೋಸ್ಟರಿನ ಕೆಳಗೆ ಜನ ಬರೆಯುತ್ತಲೇ ಇದ್ದರು. ಎಂಥ ದೊಡ್ಡ ಮನಸ್ಸು. ಈ ಕಾಲದಲ್ಲಿ ಇಂಥ ತಮ್ಮಂದಿರೂ ಇದ್ದಾರಾ. ಎಂಥ ಸಾಲು ಸರ್, ಮೈ ಜುಮ್ಮೆಂದಿತು. ಸಾಲನ್ನು ಹೊಗಳಿದವರೆಲ್ಲ ಅವನನ್ನು ಹೊಗಳಿದ್ದರು, ಮನಸ್ಸನ್ನು ಹೊಗಳಿದವರೆಲ್ಲ ತಮ್ಮನನ್ನು. ತಮ್ಮ ಅದಕ್ಕೆಲ್ಲ ಒಂದೇ ಒಂದು ಉತ್ತರ ಹಾಕಿದ್ದ: 'ಅಣ್ಣನ ಪುಸ್ತಕ ಓದಿ.' ಅಷ್ಟೇ. ತಪ್ಪಾಗಿದೆ ಎಂದಿಲ್ಲ, ಸಾಲು ನನ್ನದು ಎಂದಿಲ್ಲ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಮೊದಲು ಸಿಟ್ಟು ಬಂತು. ನಾನು ಕದ್ದರೆ ಇವನು ದಾನ ಮಾಡಿದವನಾಗಿಬಿಟ್ಟನಲ್ಲ. ಕಳ್ಳತನದಲ್ಲೂ ಇವನೇ ಗೆದ್ದನಲ್ಲ. ಫೋನು ಮಾಡಬೇಕು ಎಂದು ಬೆರಳು ತಮ್ಮನ ಹೆಸರಿನ ಮೇಲೆ ಇಟ್ಟ. ಆದರೆ ಈಗ ಅವನು ಯಾವುದೋ ಲಿಫ್ಟಿನ ತಳದ ಗುಂಡಿಯೊಳಗಿರುತ್ತಾನೆ, ಸಿಗ್ನಲ್ ಇರುವುದಿಲ್ಲ. ಹಾಗಾಗಿ ಮಾಡಲಿಲ್ಲ. ಮುಂದಿನ ಗಿರಾಕಿ ಒಳಗೆ ಬಂದ. "ಒಂದು ಕಣ್ಣು ಮುಚ್ಚಿಕೊಳ್ಳಿ," ಎಂದ ಅವನು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಸಂಜೆಗೆಂದು ಸೀರೆ ಇಸ್ತ್ರಿ ಮಾಡುತ್ತಿದ್ದಳು. ತಟ್ಟೆ ಮುಚ್ಚಿಟ್ಟಿತ್ತು. ಅವನು ಕೈ ತೊಳೆದು ಕೂತು ಎರಡು ತುತ್ತು ತಿಂದ. ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೇಳಿದಳು, "ಆ ಪೋಸ್ಟರಿನ ಕಡತದಲ್ಲಿ ಯಾರು ಯಾವಾಗ ಏನು ಬದಲಾಯಿಸಿದ್ರು ಅಂತ ಪಟ್ಟಿ ಬರುತ್ತೆ. ನಿನ್ನೆ ಮೂರು ಇಪ್ಪತ್ತಕ್ಕೆ ಬದಲಾಗಿದೆ. ಮೂರು ಇಪ್ಪತ್ತಕ್ಕೆ ನಾನು ಅಂಗಡೀಲಿದ್ದೆ."

ಅವನು ಮೂರನೆಯ ತುತ್ತನ್ನು ಕಲಸುತ್ತಲೇ ಇದ್ದ. "ನಕಲು ಮಾಡಿದ್ದೆ ನಾನು. ನಕಲಲ್ಲಿ ಮಾಡ್ತಿದೀನಿ ಅಂದ್ಕೊಂಡೆ. ಸುಮ್ನೆ ನೋಡೋಣ ಅಂತ."

"ಏನು ನೋಡೋಣ ಅಂತ?"

ಅವನ ಬಾಯಿಗೆ ಬಂದದ್ದು ಬೇರೆಯೇ ಮಾತು. "ನನ್ನ ಪುಸ್ತಕಕ್ಕೆ ನೀನು ಚಹದ ಕಪ್ಪು ಹಾಕಿದೆ. ಅವನ ಪುಸ್ತಕ ಕೂತು ಓದಿದೀಯ."

ಅವಳು ಅವನನ್ನೇ ನೋಡಿದಳು. ಸಿಟ್ಟಿನಿಂದಲ್ಲ, ಬಿಲ್ಲಿನಲ್ಲಿ ತಪ್ಪು ಕಂಡಾಗ ನೋಡುತ್ತಾಳಲ್ಲ, ಹಾಗೆ. ಕಂಪ್ಯೂಟರ್ ತಂದು ಅವನ ತಟ್ಟೆಯ ಪಕ್ಕ ಇಟ್ಟಳು. ಇನ್ನೊಂದು ಕಡತ. ಅದರ ಮೇಲೆ 'ನಮ್ಮವರು' ಎಂದಿತ್ತು. "ಆರು ಮಾಡಿದ್ದೆ. ನೋಡಿ." ಅವನು ಎಡಗೈಯಲ್ಲಿ ಒಂದೊಂದಾಗಿ ಸರಿಸಿದ. ಒಂದರಲ್ಲಿ ಬಿಳಿ ಗೋಡೆ, ನೆಲದ ಮೇಲೆ ಒಂದು ಜೊತೆ ಹಳೆಯ ಚಪ್ಪಲಿ, ಮೇಲೆ ಒಂದು ಸಾಲು: 'ಅಪ್ಪ ಹೋದ ಮೇಲೂ ಅವರ ಚಪ್ಪಲಿ ಹೊರಗೆ ಮುಖ ಮಾಡಿಯೇ ಇತ್ತು.' ಅವನದೇ ಸಾಲು. ಎರಡನೆಯ ಕಥೆಯ ನಡುವಿನದು. ಅದನ್ನು ತಾನು ಬರೆದದ್ದೇ ಅವನಿಗೆ ಮರೆತಿತ್ತು. ಪೋಸ್ಟರಿನ ಪಕ್ಕ ಅವನು ಅವತ್ತು ಬರೆದ ಟಿಪ್ಪಣಿಗಳು ಹಾಗೇ ಅಂಟಿಕೊಂಡಿದ್ದವು. ನನ್ನ ಹೆಸರೆಲ್ಲಿ? ಫೋಟೋ ಯಾಕಿಲ್ಲ? ಈ ಸಾಲು ತೆಗಿ, ವಿಮರ್ಶಕರ ಮಾತು ಹಾಕು. ಚಪ್ಪಲಿ ಹಾಕಿ ಅವಮಾನ ಮಾಡ್ತಿದೀಯಾ? ಆರನೆಯದರ ಪಕ್ಕ: ಇದ್ಯಾವುದೂ ಬೇಡ, ಎಲ್ಲರೂ ಹಾಕ್ತಾರಲ್ಲ ಚಹದ ಕಪ್ಪು, ಎಲೆ, ಅದನ್ನೇ ಹಾಕು.

"ಆ ಚಪ್ಪಲಿ ಕಥೆ ಓದಿ ನಾನು ಅತ್ತಿದ್ದೆ. ನಿಮಗೆ ಹೇಳಿದ್ದೆ ಕೂಡ," ಎಂದಳು. "ನೀವು, ಮೂರನೇ ಕಥೆ ಹೇಗಿದೆ ಅಂತ ಕೇಳಿದ್ರಿ."

ನಿನ್ನೆಯಿಂದ ಯಾವುದಕ್ಕಾಗಿ ಹೊಟ್ಟೆ ಉರಿಸಿಕೊಂಡಿದ್ದನೋ ಅದನ್ನು ಅವಳು ಆರು ಸಲ ಕೈಯಲ್ಲಿಟ್ಟಿದ್ದಳು, ಅವನು ಆರು ಸಲ ತಳ್ಳಿದ್ದ. ಇದು ತಿಳಿದರೆ ಉರಿ ತಣ್ಣಗಾಗಬೇಕಿತ್ತು. ಆಗಲಿಲ್ಲ. ಈಗ ಅದಕ್ಕೆ ಹೋಗಲು ಬೇರೆ ದಾರಿ ಇಲ್ಲದೆ ಅವನ ಕಡೆಗೇ ತಿರುಗಿತು, ಅಷ್ಟೇ.

"ಅವನಿಗೆ ಹೇಳಿದೀಯಾ?"

"ಒಂಬತ್ತೂ ಐದಕ್ಕೆ ಫೋನ್ ಮಾಡಿದೆ. ತೆಗೆದು ಸರಿಯಾದದ್ದು ಹಾಕ್ತೀನಿ ಅಂದೆ. ಬೇಡ ಅತ್ತಿಗೆ, ಎರಡನೇದು ಹಾಕಿದ್ರೆ ಮೊದಲನೇದು ಯಾಕೆ ಬಂತು ಅಂತ ಜನ ಕೇಳ್ತಾರೆ, ಅಣ್ಣನ್ನ ಕೇಳ್ತಾರೆ, ಇರಲಿ ಬಿಡಿ ಅಂದ. ಹೇಗಾಯ್ತು ಅಂತ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ." ಅವಳು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. "ಮೂರು ವಾರ ಕೂತು ಮಾಡಿದ್ದೆ ಅದನ್ನ. ಇನ್ನು ಅದನ್ನ ಯಾರೂ ನೋಡಲ್ಲ. ಹೋಗಲಿ. ಆದ್ರೆ ಅವನಿಗೆ ಹೇಳೋದು ನೀವು. ಇವತ್ತೇ."

ಸಭಾಂಗಣ ಮೂರನೆಯ ಮಹಡಿಯಲ್ಲಿತ್ತು. ಅವನು ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿದ. ಲಿಫ್ಟಿನಲ್ಲಿ ತಮ್ಮನ ಜೊತೆ ಕೆಲಸ ಮಾಡುವವರು ನಿಂತಿದ್ದರು, ಒಗೆದ ಶರಟು ಹಾಕಿ ತಲೆ ಬಾಚಿಕೊಂಡು ಬಂದಿದ್ದರು, ಅವನನ್ನು ಕಂಡು "ಬನ್ನಿ ಬನ್ನಿ, ಅಣ್ಣಾವ್ರು" ಎಂದು ಜಾಗ ಮಾಡಿಕೊಟ್ಟಿದ್ದರು. ಹೇಳಬೇಕು, ಸಭೆಗೆ ಮುಂಚೆಯೇ ಹೇಳಬೇಕು ಎಂದು ಎರಡೆರಡು ಮೆಟ್ಟಿಲಿಗೊಮ್ಮೆ ಅಂದುಕೊಂಡು ಹತ್ತಿದ. ಮೇಲೆ ತಮ್ಮ ಬಾಗಿಲಲ್ಲೇ ಇದ್ದ. ಉಗುರಿನ ಸಂದಿಯ ಗ್ರೀಸು ತಿಕ್ಕಿ ತಿಕ್ಕಿ ಬೆರಳ ತುದಿ ಕೆಂಪಾಗಿತ್ತು. "ಊಟ ಆಯ್ತಾ ಅಣ್ಣ?" ಎಂದ. ಆಯ್ತು ಎಂದ ಅವನು. ಈಗ ಹೇಳಬಹುದಿತ್ತು. "ಫ್ಯಾನ್ ಕೆಳಗೆ ಕೂತ್ಕೊ," ಎಂದ ತಮ್ಮ, ಯಾರೋ ಕರೆದರು, ಹೋದ.

ಅತಿಥಿಯಾಗಿ ಬಂದಿದ್ದ ನಿವೃತ್ತ ಪ್ರಾಧ್ಯಾಪಕರು ಪುಸ್ತಕದ ಬಗ್ಗೆ ಹತ್ತು ನಿಮಿಷ ಮಾತಾಡಿ, ಪೋಸ್ಟರಿನ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಬರಹಗಾರರೆಂದರೆ ಒಬ್ಬರ ಕಾಲು ಒಬ್ಬರು ಎಳೆಯುವವರು ಎನ್ನುವ ಮಾತನ್ನು ಈ ಸಹೋದರರು ಸುಳ್ಳು ಮಾಡಿದ್ದಾರೆ ಎಂದರು. ಅಣ್ಣನವರು ಎಲ್ಲಿದ್ದಾರೆ, ದಯವಿಟ್ಟು ಎದ್ದು ನಿಲ್ಲಬೇಕು ಎಂದರು. ಅವನು ಎದ್ದು ನಿಂತ. ಜನ ಚಪ್ಪಾಳೆ ತಟ್ಟಿದರು. ಇಪ್ಪತ್ತೈದು ವರ್ಷ ಬರೆದು ಒಂದು ಸಭೆಯಲ್ಲೂ ಅವನಿಗೆ ಇಷ್ಟು ಚಪ್ಪಾಳೆ ಬಿದ್ದಿರಲಿಲ್ಲ. ಕೈ ಮುಗಿದ, ಕೈ ಮುಗಿಯುವಾಗ ಮುಖ ತಾನಾಗಿ ಒಂದು ನಗು ಮಾಡಿತು, ಆ ನಗುವನ್ನು ಪಕ್ಕದಲ್ಲಿ ಕೂತ ಹೆಂಡತಿ ತಲೆಯೆತ್ತಿ ನೋಡಿ ಮತ್ತೆ ಮುಂದೆ ನೋಡಿದಳು. ಸುಳ್ಳು ಚಪ್ಪಾಳೆಯೂ ಕಿವಿಗೆ ಹಿತವಾಗಿಯೇ ಇತ್ತು ಎಂಬುದು ಅವನಿಗೆ ಎಲ್ಲಕ್ಕಿಂತ ಹೇಸಿಗೆಯೆನಿಸಿತು. ತಮ್ಮ ಮೂರೇ ನಿಮಿಷ ಮಾತಾಡಿದ. ನನಗೆ ಬರೆಯೋಕೆ ಬರಲ್ಲ, ಚಿಕ್ಕವನಿದ್ದಾಗ ಅಣ್ಣ ಗಟ್ಟಿಯಾಗಿ ಓದಿ ಹೇಳ್ತಿದ್ದ, ನಾನು 'ಆಮೇಲೆ?' ಅಂತ ಕೇಳ್ತಿದ್ದೆ, ಈ ಪುಸ್ತಕದಲ್ಲೂ ನಾನು ಕೇಳಿರೋದು ಅಷ್ಟೇ, ಎಂದು ಕೂತ.

ಸಭೆ ಮುಗಿದ ಮೇಲೆ ಹೊರಗೆ ಉದ್ದನೆಯ ಮೇಜು. ಪ್ರಕಾಶಕಿ ತಮ್ಮನ ಪುಸ್ತಕದ ಪಕ್ಕ ಅವನ ಪುಸ್ತಕವನ್ನೂ ಪೇರಿಸಿ, ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದ್ದಳು. ಅವನ ಮುಂದೆಯೂ ಜನ ನಿಂತಿದ್ದರು. ಸಹಿ ಹಾಕುತ್ತ ಹಾಕುತ್ತ, ಇವರೆಲ್ಲ ಹೋಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಆಗ ಅವನ ಅಂಗಡಿಗೆ ಬರುತ್ತಿದ್ದ ನಿವೃತ್ತ ನರ್ಸ್ ಮುಂದೆ ಬಂದರು. ಹೋದ ತಿಂಗಳಷ್ಟೇ ಅವರ ಕಣ್ಣು ಅವನೇ ನೋಡಿದ್ದ. ಕೈಯಲ್ಲಿ ಅವನ ಪುಸ್ತಕ, ಬೆಳಿಗ್ಗೆಯೇ ಪುಸ್ತಕದಂಗಡಿಯಲ್ಲಿ ಕೊಂಡದ್ದು, ಪುಟಗಳ ನಡುವೆ ಬಸ್ ಟಿಕೆಟು.

"ಪೋಸ್ಟರಲ್ಲಿ ಆ ಸಾಲು ನೋಡಿ ಆಗ್ಲೇ ಹೋಗಿ ತಗೊಂಡೆ," ಎಂದರು. "ಮಧ್ಯಾಹ್ನ ಪೂರ್ತಿ ಅದನ್ನೇ ಹುಡುಕಿದೆ. ಮೊದಲಿಂದ ಕೊನೇವರೆಗೂ ಓದಿದೆ, ಸಿಗಲೇ ಇಲ್ಲ. ನೀವು ಕೊಟ್ಟ ಕನ್ನಡಕ ಸರಿಯಿಲ್ವೇನೋ ಅಂದ್ಕೊಂಡೆ. ಯಾವ ಪುಟದಲ್ಲಿದೆ?"

ಪಕ್ಕದಲ್ಲಿ ತಮ್ಮನ ಪೆನ್ನು ನಿಂತಿತು. ತಲೆಯೆತ್ತದೆಯೇ ತಮ್ಮ ಹೇಳಿದ, "ಅದು ಅಣ್ಣನ ಮುಂದಿನ ಪುಸ್ತಕದ್ದಮ್ಮ. ಇನ್ನೂ ಬರಬೇಕು."

"ಹೌದಾ! ಹಾಗಾದ್ರೆ ಅದನ್ನೇ ಇಲ್ಲಿ ಬರೆದು ಸಹಿ ಹಾಕಿಕೊಡಿ," ಎಂದು ನರ್ಸ್ ಮೊದಲ ಖಾಲಿ ಹಾಳೆ ತೆರೆದು ಅವನ ಮುಂದೆ ಇಟ್ಟರು.

ಅವನು ಬರೆಯತೊಡಗಿದ. 'ಸಿಕ್ಕಿಹಾಕಿಕೊಂಡವರು ಮೊದಲು ಬಾಗಿಲು ಬಡಿಯುತ್ತಾರೆ.' ಕೈ ಚೆನ್ನಾಗಿ ಓಡಿತು. ಅವನ ಅಕ್ಷರ ಮೊದಲಿನಿಂದಲೂ ಮುತ್ತು ಪೋಣಿಸಿದ ಹಾಗೆ. ಬರೆದ ಮೇಲೆ ಆ ಸಾಲು ಅವನದೇ ಅನ್ನಿಸುವಂತಿತ್ತು. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಿರುವ ಇಬ್ಬರೂ ಹೇಳುವುದಿಲ್ಲ. ಮೇಜಿನ ತುದಿಯಲ್ಲಿ ಹೆಂಡತಿ ಉಳಿದ ಆಮಂತ್ರಣ ಪತ್ರಗಳನ್ನು ಜೋಡಿಸುತ್ತಿದ್ದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದಳು. ಅವನು ಎರಡನೆಯ ವಾಕ್ಯಕ್ಕೆ ಪೆನ್ನು ಇಟ್ಟು, ಎತ್ತಿದ.

"ಈ ಸಾಲು ನನ್ನದಲ್ಲ," ಎಂದ. ಧ್ವನಿ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಇವನದು. ಪೋಸ್ಟರೂ ಇವನದೇ. ನಾನು ಇವನ ಹೆಸರು ಅಳಿಸಿ ನನ್ನ ಹೆಸರು ಹಾಕ್ಕೊಂಡೆ. ಎಲ್ಲೂ ಹಾಕೋಕೆ ಅಂತಲ್ಲ, ಸುಮ್ನೆ ನೋಡೋಕೆ. ಅದು ಹಾಗೇ ಹೋಗಿಬಿಡ್ತು."

ಪ್ರಕಾಶಕಿ ಕೈಯಲ್ಲಿದ್ದ ಪುಸ್ತಕವನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ನರ್ಸ್ ಒಂದು ಸಲ ಅವನನ್ನು, ಒಂದು ಸಲ ತಮ್ಮನನ್ನು ನೋಡಿದರು. ಅವರ ಮುಖದಲ್ಲಿ ತಿರಸ್ಕಾರವೇನೂ ಇರಲಿಲ್ಲ, ಒಂದು ಬಗೆಯ ನೆಮ್ಮದಿಯೇ ಇತ್ತು. "ಅಂದ್ರೆ ಕನ್ನಡಕ ಸರಿಯಾಗೇ ಇದೆ," ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಹಾಗಾದ್ರೆ ಇದನ್ನ ವಾಪಸ್ ತಗೊಂಡು ಅದನ್ನ ಕೊಡ್ತೀರಾ? ಎರಡೂ ಒಂದೇ ಬೆಲೆ ಅಲ್ವಾ?" ಎಂದು ಕೇಳಿದರು. ಅವನು ತಮ್ಮನ ಪುಸ್ತಕವೊಂದನ್ನು ತಾನೇ ತೆಗೆದುಕೊಟ್ಟ. ಬಸ್ ಟಿಕೆಟನ್ನು ಅವನ ಪುಸ್ತಕದಿಂದ ತೆಗೆದು ಅದರೊಳಗೆ ಇಟ್ಟುಕೊಂಡು ಅವರು ತಮ್ಮನ ಸಹಿ ಹಾಕಿಸಿಕೊಂಡು ಹೋದರು. ಅವನ ಮುಂದಿದ್ದ ಸಾಲು ಕರಗಿ ನಾಲ್ಕು ಜನ ಉಳಿದರು, ಆಮೇಲೆ ಒಬ್ಬರು, ಆಮೇಲೆ ಯಾರೂ ಇಲ್ಲ.

ವಾಪಸ್ ಬಂದ ಪುಸ್ತಕ ಇಬ್ಬರ ನಡುವೆ ತೆರೆದೇ ಬಿದ್ದಿತ್ತು. ಅರ್ಧ ಸಾಲು ಬರೆದದ್ದು, ಇನ್ನು ಮಾರುವ ಹಾಗಿಲ್ಲ. ತಮ್ಮ ಅದನ್ನು ತನ್ನ ಕಡೆ ಎಳೆದುಕೊಂಡು, ನಾಲಿಗೆಯ ತುದಿ ಹೊರಗೆ ಹಾಕಿ, ಶಾಲೆಯಲ್ಲಿ ಬರೆಯುತ್ತಿದ್ದ ಹಾಗೆಯೇ ಇಡೀ ಮೈ ಬಗ್ಗಿಸಿ ಉಳಿದದ್ದನ್ನು ಬರೆದ. ಮುತ್ತಿನಂಥ ಅಕ್ಷರದ ಕೆಳಗೆ ಇರುವೆ ನಡೆದಂಥ ಅಕ್ಷರ: 'ಆಮೇಲೆ ಒಬ್ಬರ ಹೆಸರು ಇನ್ನೊಬ್ಬರು ಕೇಳುತ್ತಾರೆ.' ಬರೆದು ಪುಸ್ತಕ ತಿರುಗಿಸಿ ಅವನ ಮುಂದೆ ತಳ್ಳಿದ. "ಇದು ನಂಗಿರಲಿ. ಸಹಿ ಹಾಕು."

ಅವನು ಓದಿದ. ರಟ್ಟಿನ ಡಬ್ಬಿ ತೆರೆದ ದಿನ ಎದೆಯಲ್ಲಿ ಎಲ್ಲಿ ಚುಚ್ಚಿತ್ತೋ ಅಲ್ಲೇ ಮತ್ತೆ ಚುಚ್ಚಿತು. ತಪ್ಪು ಒಪ್ಪಿಕೊಂಡರೆ ಹೊಟ್ಟೆಕಿಚ್ಚು ಹೋಗುತ್ತದೆಂದು ಯಾರು ಹೇಳಿದರೋ; ಒಂದು ಚೂರೂ ಹೋಗಿರಲಿಲ್ಲ.

"ಈ ಸಾಲು ನಾನು ಬರೀಬೇಕಿತ್ತು ಕಣೋ," ಎಂದ. "ಒಳ್ಳೇ ಸಾಲು."

"ಗೊತ್ತು," ಎಂದ ತಮ್ಮ. ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ನೀನು ಕೆಂಪು ಗೆರೆ ಹಾಕಿದ್ದು ಅದೊಂದಕ್ಕೇ. ಅವತ್ತೇ ಗೊತ್ತಾಯ್ತು. ಬಾಯಲ್ಲಿ ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ."

ಅವನು ಪೆನ್ನು ಎತ್ತಿಕೊಂಡ. ಹಾಳೆಯ ಮೇಲೆ ಬೇಕಾದಷ್ಟು ಜಾಗವಿತ್ತು. ಕೆಳಗೆ, ಮೂಲೆಯಲ್ಲಿ, ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಚಿಕ್ಕದಾಗಿ ತನ್ನ ಹೆಸರು ಬರೆದು ಪುಸ್ತಕವನ್ನು ತಮ್ಮನಿಗೆ ಕೊಟ್ಟ.